ಅಮೆರಿಕದ ಅಧ್ಯಕ್ಷರೂ ಅಧಿಕಾರಿವರ್ಗವೂ

1881ನೆಯ ಇಸವಿ ಜುಲೈ 2ನೆಯ ತಾರೀಖು. ಅಮೆರಿಕ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ ನಗರದ ರೈಲುನಿಲ್ದಾಣಕ್ಕೆ ಬೆಳಗಿನ ಹೊತ್ತಿನಲ್ಲಿ ಒಬ್ಬ ಪ್ರಯಾಣಿಕರು ಬಂದಿಳಿದರು. ಕೆಲಸದ ಜಂಜಾಟದಿಂದ ಕೆಲವು ದಿನ ಬಿಡುವು ಪಡೆದು, ತಾವು ಓದಿದ ಕಾಲೇಜಿಗೆ ಹೋಗಿಬರಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಜೊತೆಯಲ್ಲಿ ವಿದೇಶಾಂಗ ಸಚಿವರಿದ್ದರು. ಮೈಗಾವಲಿನವರು ಯಾರೂ ಇರಲಿಲ್ಲ. ನಿಲ್ದಾಣದ ಒಳಗೆ ಅವರು ನಾಲ್ಕು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಹಿಂದಿನಿಂದ ಎರಡು ಗುಂಡುಗಳು ಹಾರಿದವು. ಪ್ರಯಾಣಿಕರು ಕುಸಿದುಬಿದ್ದರು. ಅವರೇ ದೇಶದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್. ಅವರು ಅಧಿಕಾರ ವಹಿಸಿಕೊಂಡು ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

ಗುಂಡು ಹಾರಿಸಿದವನು ಪರದೇಶದ ಶತ್ರುವಲ್ಲ, ದಂಗೆಕೋರನೂ ಅಲ್ಲ. ಅವನು ಒಬ್ಬ ನೌಕರಿಯ ಆಕಾಂಕ್ಷಿ. ಚಾರ್ಲ್ಸ್ ಗಿಟೋ ಎಂಬುದು ಅವನ ಹೆಸರು. ಚುನಾವಣೆಯ ಸಮಯದಲ್ಲಿ ಗಾರ್ಫೀಲ್ಡರ ಪರವಾಗಿ ಅವನು ಒಂದು ಭಾಷಣವನ್ನು ಬರೆದು ಅಚ್ಚುಹಾಕಿಸಿದ್ದನು. ತನ್ನ ಭಾಷಣದಿಂದಲೇ ಅವರಿಗೆ ಗೆಲವು ದೊರೆಯಿತೆಂದು ಅವನು ನಂಬಿದ್ದನು. ಅದರ ಪ್ರತಿಫಲವಾಗಿ ಪ್ಯಾರಿಸ್ ನಗರದಲ್ಲಿ ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಹುದ್ದೆ ತನಗೆ ಸಿಗಬೇಕೆಂದು ದಿನದಿನವೂ ಸರ್ಕಾರಿ ಕಚೇರಿಗಳ ಬಾಗಿಲು ಕಾಯುತ್ತಿದ್ದನು. ಹುದ್ದೆ ಸಿಗಲಿಲ್ಲ. ಅವನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂಬುದು ನಿಜ. ಆದರೆ ಚುನಾವಣೆಯಲ್ಲಿ ದುಡಿದವನಿಗೆ ಸರ್ಕಾರಿ ಕೆಲಸ ಸಲ್ಲಬೇಕೆಂಬ ಭಾವನೆ ಅವನೊಬ್ಬನ ಹುಚ್ಚಾಗಿರಲಿಲ್ಲ. ಅದು ಆ ಕಾಲದ ದೇಶಾಚಾರವೇ ಆಗಿತ್ತು.

ಈ ದೇಶಾಚಾರ ಹೇಗೆ ಬೆಳೆಯಿತು? ಅದು ಹೇಗೆ ಮುರಿಯಿತು? ಮುರಿದ ಮೇಲೆ ಯಾವ ಹೊಸ ಪ್ರಶ್ನೆ ಎದ್ದಿತು? ಇವುಗಳನ್ನು ತಿಳಿದರೆ ಅಮೆರಿಕದ ಆಡಳಿತದ ಒಂದು ಮರ್ಮವೇ ನಮಗೆ ತಿಳಿದಂತೆ.

ಅಮೆರಿಕದ ಸಂವಿಧಾನವು 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಚಿತವಾಯಿತು. ಬ್ರಿಟನ್ನಿನ ದೊರೆಯ ಆಳ್ವಿಕೆಯನ್ನು ಕಿತ್ತೊಗೆದು ಬಂದ ಜನ ಅದನ್ನು ರಚಿಸಿದರು. ಆದ್ದರಿಂದ ಅಧಿಕಾರವೆಲ್ಲ ಒಬ್ಬನ ಕೈಯಲ್ಲಿ ನಿಲ್ಲಬಾರದೆಂಬ ಎಚ್ಚರ ಅದರಲ್ಲಿ ಎದ್ದು ಕಾಣುತ್ತದೆ. ಶಾಸನ ಮಾಡುವುದು ಕಾಂಗ್ರೆಸ್ ಎಂಬ ಪ್ರತಿನಿಧಿ ಸಭೆಗಳ ಕೆಲಸ. ನ್ಯಾಯ ಹೇಳುವುದು ನ್ಯಾಯಾಲಯಗಳ ಕೆಲಸ. ಶಾಸನವನ್ನು ನಿಷ್ಠೆಯಿಂದ ಕಾರ್ಯಗತ ಮಾಡಿಸುವುದು ಅಧ್ಯಕ್ಷರ ಕೆಲಸ. ಆದರೆ ಒಬ್ಬ ಅಧ್ಯಕ್ಷರು ಇಡೀ ದೇಶದ ಸುಂಕವನ್ನು ತಾವೇ ವಸೂಲು ಮಾಡಲಾರರು, ಊರೂರಿನ ಅಂಚೆಯನ್ನು ತಾವೇ ಹಂಚಲಾರರು. ಅದಕ್ಕೆ ಅಧಿಕಾರಿಗಳು ಬೇಕು. ಮುಖ್ಯ ಅಧಿಕಾರಿಗಳನ್ನು ಅಧ್ಯಕ್ಷರು ಸೆನೆಟ್ ಸಭೆಯ ಒಪ್ಪಿಗೆ ಪಡೆದು ನೇಮಿಸತಕ್ಕದ್ದೆಂದು ಸಂವಿಧಾನ ವಿಧಿಸಿತು. ನೇಮಕವಾದವರನ್ನು ತೆಗೆದುಹಾಕುವವರು ಯಾರು? ಮಹಾಭಿಯೋಗವೊಂದನ್ನು ಬಿಟ್ಟರೆ, ಈ ವಿಷಯದಲ್ಲಿ ಸಂವಿಧಾನ ಮೌನವಾಗಿದೆ. ಆ ಮೌನದಿಂದ ಹುಟ್ಟಿದ ವಿವಾದಕ್ಕೆ ಇನ್ನೂರು ವರ್ಷಗಳ ಮೇಲಾಗಿದೆ.

1789ರಲ್ಲಿ ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷರಾದಾಗ ಇಲಾಖೆಗಳು ಬೆರಳೆಣಿಕೆಯಷ್ಟಿದ್ದವು. ವಿದೇಶ ವ್ಯವಹಾರವನ್ನು ಥಾಮಸ್ ಜೆಫರ್‌ಸನ್, ಖಜಾನೆಯನ್ನು ಅಲೆಕ್ಸಾಂಡರ್ ಹ್ಯಾಮಿಲ್ಟನ್, ಯುದ್ಧ ಖಾತೆಯನ್ನು ಹೆನ್ರಿ ನಾಕ್ಸ್ ನೋಡಿಕೊಳ್ಳುತ್ತಿದ್ದರು. ವಾಷಿಂಗ್ಟನ್ನರು ಸಹಿ ಮಾಡಿದ ಮೊತ್ತಮೊದಲ ಶಾಸನ ಯಾವುದೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಅದು ತೆರಿಗೆಯ ಶಾಸನವಲ್ಲ, ಸೈನ್ಯದ ಶಾಸನವೂ ಅಲ್ಲ. ಅಧಿಕಾರ ವಹಿಸುವವರ ಪ್ರತಿಜ್ಞೆಯನ್ನು ಕುರಿತ ಶಾಸನ. ಅಧಿಕಾರಿಯು ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು ಪ್ರತಿಜ್ಞೆ ಮಾಡಬೇಕೆಂದು ಅದು ಹೇಳಿತು. ಅಧ್ಯಕ್ಷರಿಗೆ ನಿಷ್ಠನಾಗಿರುವೆನೆಂಬ ಮಾತು ಅದರಲ್ಲಿ ಇರಲಿಲ್ಲ.

ನಲವತ್ತು ವರ್ಷಗಳು ಕಳೆದವು. 1829ರಲ್ಲಿ ಆಂಡ್ರೂ ಜ್ಯಾಕ್‌ಸನ್ ಅಧ್ಯಕ್ಷರಾದರು. ಅವರು ಬಡತನದಲ್ಲಿ ಹುಟ್ಟಿ ಸೇನಾನಿಯಾಗಿ ಹೆಸರು ಪಡೆದವರು. ಸಾಮಾನ್ಯ ಜನರ ನಾಯಕರೆನಿಸಿಕೊಂಡವರು. ಸಿರಿವಂತ ಮನೆತನಗಳ ಕೆಲವರೇ ಸರ್ಕಾರಿ ಹುದ್ದೆಗಳನ್ನು ಪಿತ್ರಾರ್ಜಿತ ಆಸ್ತಿಯಂತೆ ಅನುಭವಿಸುತ್ತಿರುವರೆಂದು ಅವರು ಭಾವಿಸಿದರು. ಸರ್ಕಾರದ ಕೆಲಸಗಳು ಬುದ್ಧಿಯುಳ್ಳ ಯಾರಾದರೂ ಮಾಡಬಹುದಾದಷ್ಟು ಸರಳವಾಗಿವೆ, ಅಧಿಕಾರಿಗಳು ಆಗಾಗ ಬದಲಾಗುವುದು ಪ್ರಜಾಪ್ರಭುತ್ವಕ್ಕೆ ಒಳ್ಳೆಯದು ಎಂಬುದು ಅವರ ವಾದವಾಗಿತ್ತು. ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಜನ ಒಬ್ಬರನ್ನು ಆರಿಸಿ ಕಳುಹಿಸಿದ ಮೇಲೆ ಹಳೆಯ ಅಧಿಕಾರಿಗಳೇ ಕುರ್ಚಿಯನ್ನು ಬಿಡದೆ ಹೊಸ ನೀತಿಗೆ ಅಡ್ಡ ನಿಂತರೆ ಜನರ ಮತಕ್ಕೆ ಬೆಲೆಯೆಲ್ಲಿ ಉಳಿಯಿತು?

ಆದರೆ ಒಳ್ಳೆಯ ವಾದವೂ ಕೆಟ್ಟ ಕೈಗಳಿಗೆ ಸಿಕ್ಕಿದರೆ ಆಯುಧವಾಗುತ್ತದೆ. ಯುದ್ಧದಲ್ಲಿ ಗೆದ್ದವರಿಗೆ ಸೂರೆ ಸಲ್ಲುವಂತೆ ಚುನಾವಣೆಯಲ್ಲಿ ಗೆದ್ದವರಿಗೆ ಹುದ್ದೆಗಳು ಸಲ್ಲಬೇಕೆಂದು ನ್ಯೂಯಾರ್ಕಿನ ಸೆನೆಟರ್ ವಿಲಿಯಂ ಮಾರ್ಸಿ 1832ರಲ್ಲಿ ಬಹಿರಂಗವಾಗಿಯೇ ಹೇಳಿದರು. ಅಂದಿನಿಂದ ಆ ಪದ್ಧತಿಗೆ ‘ಸೂರೆಯ ಪದ್ಧತಿ’ ಎಂಬ ಹೆಸರು ನಿಂತಿತು. ಅಧ್ಯಕ್ಷರು ಬದಲಾದಾಗಲೆಲ್ಲ ಅಂಚೆ ಮಾಸ್ತರರು, ಸುಂಕದ ಗುಮಾಸ್ತರು, ಲೆಕ್ಕ ಬರೆಯುವವರು ಗುಂಪುಗುಂಪಾಗಿ ಮನೆಗೆ ಹೋಗುವರು. ಗೆದ್ದ ಪಕ್ಷದ ಕಾರ್ಯಕರ್ತರು ಆ ಸ್ಥಾನಗಳಿಗೆ ಬರುವರು. ಕೆಲಸ ಪಡೆದವರು ಸಂಬಳದ ಒಂದು ಭಾಗವನ್ನು ಪಕ್ಷದ ನಿಧಿಗೆ ಕಪ್ಪದಂತೆ ಒಪ್ಪಿಸುವರು. ಗೆದ್ದೆತ್ತಿನ ಬಾಲ ಹಿಡಿಯುವುದೇ ಜಾಣತನವೆನಿಸಿತು.

ಇದರ ಫಲವೇನೆಂಬುದಕ್ಕೆ ಒಂದು ನಿದರ್ಶನ ಸಾಕು. ಆ ಕಾಲದಲ್ಲಿ ದೇಶದ ಆದಾಯದ ಬಹುಪಾಲು ನ್ಯೂಯಾರ್ಕ್ ಬಂದರಿನ ಸುಂಕದ ಕಟ್ಟೆಯಲ್ಲಿ ಸಂಗ್ರಹವಾಗುತ್ತಿತ್ತು. ಆ ಕಟ್ಟೆಯ ಮುಖ್ಯಾಧಿಕಾರಿಯಾಗಿ ಜ್ಯಾಕ್‌ಸನ್ನರು ತಮ್ಮ ಬೆಂಬಲಿಗ ಸ್ಯಾಮ್ಯುಯೆಲ್ ಸ್ವಾರ್ಟ್‌ವೌಟ್ ಎಂಬುವನನ್ನು ನೇಮಿಸಿದ್ದರು. 1838ರಲ್ಲಿ ಆತ ಯೂರೋಪಿಗೆ ಹೊರಟುಹೋದನು. ಲೆಕ್ಕ ತೆಗೆದು ನೋಡಿದಾಗ ಹತ್ತು ಲಕ್ಷ ಡಾಲರಿಗೂ ಮೀರಿದ ಸರ್ಕಾರದ ಹಣ ಮಾಯವಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು.

ಸೂರೆಯ ಪದ್ಧತಿಯಿಂದ ಅಧ್ಯಕ್ಷರಿಗೂ ಸುಖವಿರಲಿಲ್ಲ. ಅಂತರ್ಯುದ್ಧ ದೇಶವನ್ನೇ ಸೀಳುತ್ತಿದ್ದ ದಿನಗಳಲ್ಲಿಯೂ ಅಬ್ರಹಾಂ ಲಿಂಕನ್ನರ ಮನೆಯ ಮೆಟ್ಟಿಲುಗಳ ಮೇಲೆ ಹುದ್ದೆ ಬೇಡುವವರು ಸಾಲುಗಟ್ಟಿ ನಿಂತಿರುತ್ತಿದ್ದರು. ಗಾರ್ಫೀಲ್ಡರು ಬಡ ಮನೆಯಲ್ಲಿ ಹುಟ್ಟಿ, ಶಿಕ್ಷಕರಾಗಿ, ವಿದ್ಯಾಸಂಸ್ಥೆಯೊಂದರ ಮುಖ್ಯಸ್ಥರಾಗಿ ಮೇಲೆ ಬಂದವರು; ಓದು ಬರಹ ಬಲ್ಲವರು. ತಮ್ಮ ದಿನವೆಲ್ಲ ನೌಕರಿ ಬೇಡುವವರ ಪಾಲಾಗುತ್ತಿದೆಯೆಂದು ಅವರು ದಿನಚರಿಯಲ್ಲಿ ನೊಂದು ಬರೆದುಕೊಂಡಿದ್ದರು. ಕಡೆಗೆ ಅಂಥವನೊಬ್ಬನ ಗುಂಡಿಗೆ ಗುರಿಯಾದರು.

ಗುಂಡು ತಗಲಿದ ಕೂಡಲೆ ಅವರು ಸಾಯಲಿಲ್ಲ. ವೈದ್ಯರು ಶುದ್ಧಿಗೊಳಿಸದ ಬೆರಳುಗಳಿಂದಲೂ ಉಪಕರಣಗಳಿಂದಲೂ ಗುಂಡಿಗಾಗಿ ಗಾಯವನ್ನು ಶೋಧಿಸಿದರು. ದೂರವಾಣಿಯನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಮ್ಮದೊಂದು ಯಂತ್ರವನ್ನು ತಂದು ಗುಂಡಿನ ನೆಲೆಯನ್ನು ಹುಡುಕಲು ಯತ್ನಿಸಿದರು. ಗುಂಡು ಸಿಗಲಿಲ್ಲ, ಗಾಯ ನಂಜಾಯಿತು. 79 ದಿನ ನರಳಿ, ಸೆಪ್ಟೆಂಬರ್ 19ರಂದು ಗಾರ್ಫೀಲ್ಡರು ಕಣ್ಮುಚ್ಚಿದರು. ಆ ದಿನಗಳುದ್ದಕ್ಕೂ ವೃತ್ತಪತ್ರಿಕೆಗಳಲ್ಲಿ ಅವರ ಆರೋಗ್ಯದ ವಾರ್ತೆಯನ್ನು ಓದುತ್ತಿದ್ದ ಜನಕ್ಕೆ ಒಂದು ಸಂಗತಿ ಮನದಟ್ಟಾಯಿತು: ಹುದ್ದೆಯ ಆಸೆಯೇ ದೇಶದ ಅಧ್ಯಕ್ಷರನ್ನು ಕೊಂದಿತು.

ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ಅಧ್ಯಕ್ಷರಾದರು. ಜನ ಅವರಿಂದ ಏನನ್ನೂ ನಿರೀಕ್ಷಿಸಿರಲಿಲ್ಲ. ಏಕೆಂದರೆ ಆರ್ಥರರು ಸೂರೆಯ ಪದ್ಧತಿಯ ಕೂಸು. ಅದೇ ನ್ಯೂಯಾರ್ಕ್ ಸುಂಕದ ಕಟ್ಟೆಯಲ್ಲಿ ಪಕ್ಷದ ಕೃಪೆಯಿಂದ ಮುಖ್ಯಾಧಿಕಾರಿಯಾಗಿದ್ದವರು. 1878ರಲ್ಲಿ ಅಂದಿನ ಅಧ್ಯಕ್ಷ ಹೇಯ್ಸರು ಅವರನ್ನು ಆ ಸ್ಥಾನದಿಂದ ತೆಗೆದುಹಾಕಿದ್ದರು. ಆದರೆ ಹೊಣೆ ಮನುಷ್ಯನನ್ನು ಮಾಗಿಸುವುದುಂಟು. ಓಹಾಯೋ ರಾಜ್ಯದ ಸೆನೆಟರ್ ಜಾರ್ಜ್ ಪೆಂಡಲ್‌ಟನ್ ಮಂಡಿಸಿದ ಸುಧಾರಣಾ ಮಸೂದೆಯನ್ನು ಕಾಂಗ್ರೆಸ್ ಅಂಗೀಕರಿಸಿದಾಗ, 1883ರ ಜನವರಿ 16ರಂದು ಆರ್ಥರರು ಅದಕ್ಕೆ ಸಹಿ ಮಾಡಿದರು. ತಮ್ಮನ್ನು ಬೆಳೆಸಿದ ಏಣಿಯನ್ನು ಅವರು ತಮ್ಮ ಕೈಯಿಂದಲೇ ಇಳಿಸಿದರು.

ಪೆಂಡಲ್‌ಟನ್ ಶಾಸನದ ತಿರುಳು ಸರಳವಾದುದು. ನಿಗದಿಯಾದ ಹುದ್ದೆಗಳಿಗೆ ಬಹಿರಂಗ ಸ್ಪರ್ಧಾತ್ಮಕ ಪರೀಕ್ಷೆಯಿಂದ ಆಯ್ಕೆ ನಡೆಯತಕ್ಕದ್ದು. ನೌಕರರಿಂದ ಪಕ್ಷಕ್ಕಾಗಿ ಹಣ ಸುಲಿಯಕೂಡದು. ಹಣ ಕೊಡಲಿಲ್ಲವೆಂದು, ಪಕ್ಷಕ್ಕೆ ದುಡಿಯಲಿಲ್ಲವೆಂದು ಯಾರನ್ನೂ ತೆಗೆಯಕೂಡದು. ಈ ಶಾಸನದ ಕರಡನ್ನು ಸಿದ್ಧಪಡಿಸಿದವರಲ್ಲಿ ಪ್ರಮುಖರಾದ ಡಾರ್ಮನ್ ಈಟನ್ ಎಂಬ ನ್ಯಾಯವಾದಿ, ಬ್ರಿಟನ್ನಿನ ಆಡಳಿತ ವ್ಯವಸ್ಥೆಯನ್ನು ಅಭ್ಯಾಸ ಮಾಡಿಬಂದಿದ್ದರು. ಇಲ್ಲಿ ನಮ್ಮ ದೇಶದ ಸಂಬಂಧವೂ ಒಂದಿದೆ. ಬ್ರಿಟನ್ನಿನಲ್ಲಿ ಪರೀಕ್ಷಾ ಪದ್ಧತಿಯನ್ನು 1854ರಲ್ಲಿ ಶಿಫಾರಸು ಮಾಡಿದ ಇಬ್ಬರಲ್ಲಿ ಚಾರ್ಲ್ಸ್ ಟ್ರೆವೆಲಿಯನ್ ಒಬ್ಬರು. ಅವರು ಭಾರತದಲ್ಲಿ ಸೇವೆ ಸಲ್ಲಿಸಿದ್ದವರು. ಭಾರತದ ಆಡಳಿತಕ್ಕೆ ಅಧಿಕಾರಿಗಳನ್ನು ಆರಿಸುವ ಸ್ಪರ್ಧಾತ್ಮಕ ಪರೀಕ್ಷೆ ಲಂಡನ್ನಿನಲ್ಲಿ 1855ರಲ್ಲಿಯೇ ಆರಂಭವಾಯಿತು. ಬ್ರಿಟನ್ನಿನ ಸ್ವಂತ ಇಲಾಖೆಗಳಲ್ಲಿ ಅಂಥ ಮುಕ್ತ ಸ್ಪರ್ಧೆ ನೆಲೆಗೊಂಡದ್ದು 1870ರ ಬಳಿಕ.

ಪೆಂಡಲ್‌ಟನ್ ಶಾಸನ ಮೊದಲು ಅನ್ವಯಿಸಿದ್ದು ಹತ್ತರಲ್ಲಿ ಒಂದು ಪಾಲು ಹುದ್ದೆಗಳಿಗೆ ಮಾತ್ರ. ಹೆಚ್ಚಿನ ಹುದ್ದೆಗಳನ್ನು ಅದರ ವ್ಯಾಪ್ತಿಗೆ ಸೇರಿಸುವ ಅಧಿಕಾರ ಅಧ್ಯಕ್ಷರಿಗೆ ಇತ್ತು. ಆಶ್ಚರ್ಯವೆಂದರೆ ಸ್ವಾರ್ಥವೇ ಸುಧಾರಣೆಗೆ ನೆರವಾಯಿತು. ಸ್ಥಾನ ಬಿಡುವ ಅಧ್ಯಕ್ಷರು ತಾವು ನೇಮಿಸಿದವರನ್ನು ಮುಂದಿನವರು ತೆಗೆಯದಿರಲೆಂದು ಆ ಹುದ್ದೆಗಳನ್ನು ಶಾಸನದ ರಕ್ಷಣೆಗೆ ಒಳಪಡಿಸುತ್ತ ಹೋದರು. ಹೀಗೆ 1930ರ ದಶಕದ ಆರಂಭದ ವೇಳೆಗೆ ಬಹುಪಾಲು ಹುದ್ದೆಗಳು ಅರ್ಹತೆಯ ಪದ್ಧತಿಗೆ ಸೇರಿದವು. 1912ರ ಶಾಸನವೊಂದು ಸಕಾರಣವಿಲ್ಲದೆ ನೌಕರರನ್ನು ತೆಗೆಯಬಾರದೆಂದಿತು. 1939ರ ಹ್ಯಾಚ್ ಶಾಸನ, ನೌಕರರು ಪಕ್ಷರಾಜಕೀಯದಲ್ಲಿ ತೊಡಗಬಾರದೆಂದಿತು. ರಕ್ಷಣೆಯ ಜೊತೆಗೆ ಸಂಯಮವೂ ಬಂದಿತು.

ಅರ್ಹತೆಯ ಪದ್ಧತಿ ನಿಷ್ಕಳಂಕವಾಗಿತ್ತೆಂದು ಭಾವಿಸಬಾರದು. ವುಡ್ರೋ ವಿಲ್ಸನ್ನರ ಆಡಳಿತದಲ್ಲಿ ಕಚೇರಿಗಳೊಳಗೆ ಕರಿಯರನ್ನೂ ಬಿಳಿಯರನ್ನೂ ಬೇರ್ಪಡಿಸಲಾಯಿತು. 1914ರಿಂದ ಅರ್ಜಿಯೊಡನೆ ಭಾವಚಿತ್ರವನ್ನು ಲಗತ್ತಿಸಬೇಕೆಂದು ವಿಧಿಸಲಾಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾದವರೂ ಮೈಬಣ್ಣದ ಕಾರಣದಿಂದ ಹೊರಗುಳಿಯುವಂತಾಯಿತು. ನಿಯಮ ಎಷ್ಟೇ ಚೆನ್ನಾಗಿದ್ದರೂ ಅದನ್ನು ನಡೆಸುವವರ ಮನಸ್ಸು ಚೆನ್ನಾಗಿರಬೇಕೆಂಬ ಪಾಠ ಇದರಲ್ಲಿದೆ.

ಇನ್ನು ಇಲಾಖೆಗಳ ಮುಖ್ಯಸ್ಥರ ವಿಷಯ. ಇವರು ಪರೀಕ್ಷೆ ಬರೆದು ಬರುವವರಲ್ಲ, ಅಧ್ಯಕ್ಷರೇ ಆರಿಸುವವರು. ಇವರನ್ನು ತೆಗೆದುಹಾಕುವ ಅಧಿಕಾರ ಅಧ್ಯಕ್ಷರಿಗೆ ಪೂರ್ಣವಾಗಿ ಇದೆಯೇ? 1868ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ನರು, ಕಾಂಗ್ರೆಸ್ ಮಾಡಿದ್ದ ಶಾಸನವನ್ನು ಮೀರಿ ಯುದ್ಧ ಸಚಿವರನ್ನು ತೆಗೆದುಹಾಕಿದರು. ಅದಕ್ಕಾಗಿ ಅವರ ಮೇಲೆ ಮಹಾಭಿಯೋಗ ನಡೆಯಿತು; ಕೇವಲ ಒಂದು ಮತದ ಕೊರತೆಯಿಂದ ಅವರ ಸ್ಥಾನ ಉಳಿಯಿತು. 1926ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಬ್ಬ ಅಂಚೆ ಮಾಸ್ತರರ ಮೊಕದ್ದಮೆಯಲ್ಲಿ ಅಧ್ಯಕ್ಷರ ಪರವಾಗಿ ತೀರ್ಪಿತ್ತಿತು. ಆ ತೀರ್ಪನ್ನು ಬರೆದ ಮುಖ್ಯ ನ್ಯಾಯಾಧೀಶ ಟ್ಯಾಫ್ಟರು ಹಿಂದೆ ತಾವೇ ಅಧ್ಯಕ್ಷರಾಗಿದ್ದವರು. ಒಂಬತ್ತು ವರ್ಷಗಳ ಅನಂತರ, 1935ರಲ್ಲಿ, ಅದೇ ನ್ಯಾಯಾಲಯವು ಸ್ವತಂತ್ರವಾಗಿ ಕೆಲಸ ಮಾಡಬೇಕಾದ ಆಯೋಗಗಳ ಸದಸ್ಯರನ್ನು ಕಾಂಗ್ರೆಸ್ ಹೇಳಿದ ಕಾರಣಗಳಿಲ್ಲದೆ ಅಧ್ಯಕ್ಷರು ತೆಗೆಯಲಾಗದೆಂದು ಹೇಳಿ, ಫ್ರಾಂಕ್ಲಿನ್ ರೂಸ್‌ವೆಲ್ಟರಿಗೆ ತಡೆಯೊಡ್ಡಿತು. 2025ರಲ್ಲಿ ಆ ತೀರ್ಪನ್ನೇ ಮರುಪರಿಶೀಲಿಸಬೇಕೆಂಬ ಪ್ರಶ್ನೆ ಮತ್ತೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು.

ಅಧ್ಯಕ್ಷರ ಕಷ್ಟವನ್ನೂ ನಾವು ಅರಿಯಬೇಕು. ಹ್ಯಾರಿ ಟ್ರೂಮನ್ನರು ಅಧಿಕಾರ ಬಿಡುವ ದಿನಗಳಲ್ಲಿ, ತಮ್ಮ ಸ್ಥಾನಕ್ಕೆ ಬರಲಿದ್ದ ದಂಡನಾಯಕ ಐಸೆನ್‌ಹೋವರರನ್ನು ನೆನೆದು ಮರುಗಿದರಂತೆ. ಅವರು ಈ ಕುರ್ಚಿಯಲ್ಲಿ ಕುಳಿತು ಇದನ್ನು ಮಾಡಿ, ಅದನ್ನು ಮಾಡಿ ಎಂದು ಆಜ್ಞೆ ಮಾಡುವರು, ಆದರೆ ಏನೂ ನಡೆಯದು, ಇದು ಸೈನ್ಯದಂತಲ್ಲ ಎಂಬುದು ಟ್ರೂಮನ್ನರ ಮಾತಿನ ಭಾವ. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಕಡತಗಳ ಮಂದಗತಿ, ನಿಯಮದ ಅಕ್ಷರವನ್ನು ಹಿಡಿದು ಅರ್ಥವನ್ನು ಬಿಡುವುದು, ತಮ್ಮ ಇಲಾಖೆಯ ಪ್ರತಿಷ್ಠೆಯನ್ನೇ ದೇಶಹಿತವೆಂದು ತಿಳಿಯುವುದು ಇವು ಎಲ್ಲ ದೇಶಗಳ ಅಧಿಕಾರಿವರ್ಗಕ್ಕೂ ಅಂಟಿದ ದೋಷಗಳು. ಚುನಾಯಿತ ಅಧ್ಯಕ್ಷರು ಇವುಗಳ ವಿಷಯದಲ್ಲಿ ತಾಳ್ಮೆಗೆಡುವುದು ಅಸಹಜವಲ್ಲ.

ಆದರೆ ನಿಧಾನವೆಲ್ಲವೂ ದೋಷವಲ್ಲ. 1960ರಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಲಾಖೆಯಲ್ಲಿ ಅಧಿಕಾರಿಯಾಗಿ ಸೇರಿದರು. ಅವರು ಔಷಧಶಾಸ್ತ್ರವನ್ನೂ ವೈದ್ಯಶಾಸ್ತ್ರವನ್ನೂ ಬಲ್ಲವರು. ಸೇರಿದ ಕೆಲವೇ ದಿನಗಳಲ್ಲಿ ಅವರ ಮೇಜಿಗೆ ಥ್ಯಾಲಿಡೊಮೈಡ್ ಎಂಬ ನಿದ್ರಾಕಾರಕ ಔಷಧದ ಅರ್ಜಿ ಬಂದಿತು. ಯೂರೋಪಿನ ಅನೇಕ ದೇಶಗಳಲ್ಲಿ ಅದು ಆಗಲೇ ಮಾರಾಟವಾಗುತ್ತಿತ್ತು. ಗರ್ಭಿಣಿಯರ ವಾಂತಿಗೂ ಅದನ್ನು ಕೊಡುತ್ತಿದ್ದರು. 60 ದಿನಗಳೊಳಗೆ ಆಕ್ಷೇಪಣೆ ಬಾರದಿದ್ದರೆ ಔಷಧಕ್ಕೆ ತಾನಾಗಿಯೇ ಅನುಮತಿ ದೊರೆತಂತೆ ಎಂಬುದು ಅಂದಿನ ನಿಯಮ. ಸುರಕ್ಷಿತವೆಂಬುದಕ್ಕೆ ಕೊಟ್ಟ ಆಧಾರಗಳು ಸಾಲವೆಂದು ಕೆಲ್ಸಿಯವರು ಅರ್ಜಿಯನ್ನು ಹಿಂದಿರುಗಿಸಿದರು. ಕಂಪನಿಯವರು ಮತ್ತೆ ಬಂದರು. ಅವರು ಮತ್ತೆ ಹಿಂದಿರುಗಿಸಿದರು. ಕಂಪನಿಯವರು ಮೇಲಧಿಕಾರಿಗಳಲ್ಲಿ ದೂರು ಹೇಳಿದರು. ಮೇಲಧಿಕಾರಿಗಳು ಕೆಲ್ಸಿಯವರ ಬೆನ್ನಿಗೆ ನಿಂತರು. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. 1961ರ ನವೆಂಬರಿನಲ್ಲಿ ಜರ್ಮನಿಯಿಂದ ಭಯಂಕರ ವಾರ್ತೆ ಬಂದಿತು. ಆ ಔಷಧವನ್ನು ಸೇವಿಸಿದ ತಾಯಂದಿರಿಗೆ ಕೈಕಾಲು ಬೆಳೆಯದ ಶಿಶುಗಳು ಹುಟ್ಟುತ್ತಿದ್ದವು. ಪ್ರಪಂಚದಲ್ಲಿ ಅಂಥ ಮಕ್ಕಳ ಸಂಖ್ಯೆ ಹತ್ತು ಸಾವಿರವನ್ನು ಮೀರಿತೆಂದು ಅಂದಾಜು ಮಾಡಲಾಗಿದೆ. ಅಮೆರಿಕದಲ್ಲಿ ಪ್ರಯೋಗಕ್ಕೆಂದು ವೈದ್ಯರಿಗೆ ಹಂಚಿದ ಮಾತ್ರೆಗಳಿಂದ ಕೆಲವೇ ಶಿಶುಗಳು ಈ ದುರಂತಕ್ಕೆ ಈಡಾದವು. 1962ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನಡಿಯವರು ಕೆಲ್ಸಿಯವರಿಗೆ ನಾಗರಿಕ ಸೇವೆಯ ಅತ್ಯುನ್ನತ ಪದಕವನ್ನು ತಾವೇ ತೊಡಿಸಿದರು. ಔಷಧಗಳ ಪರೀಕ್ಷೆಯನ್ನು ಬಿಗಿಗೊಳಿಸುವ ಶಾಸನ ಅದೇ ವರ್ಷ ಬಂದಿತು.

ಕೆಲ್ಸಿಯವರು ಸೂರೆಯ ಪದ್ಧತಿಯಿಂದ ಬಂದ ಅಧಿಕಾರಿಯಾಗಿದ್ದರೆ ಏನಾಗುತ್ತಿತ್ತು? ಬಹುಶಃ ಅವರಿಗೆ ಔಷಧದ ಗುಣದೋಷ ತಿಳಿಯುತ್ತಿರಲಿಲ್ಲ. ತಿಳಿದರೂ ‘ಒಲ್ಲೆ’ ಎನ್ನುವ ಧೈರ್ಯ ಬರುತ್ತಿರಲಿಲ್ಲ. ಒಂದು ದೂರು ಬಂದರೆ ನೌಕರಿ ಹೋಗುವುದೆಂಬ ಭಯವುಳ್ಳವನು ಸತ್ಯವನ್ನು ನುಡಿಯುವುದು ಕಷ್ಟ. ಅಧಿಕಾರಿಗೆ ಇರುವ ರಕ್ಷಣೆ ಅವನ ಸುಖಕ್ಕಾಗಿ ಇರುವುದಲ್ಲ. ಅವನು ಹೇಳಬೇಕಾದ ಅಪ್ರಿಯ ಸತ್ಯದ ರಕ್ಷಣೆಗಾಗಿ ಇರುವುದು.

2025ರ ಆರಂಭದಲ್ಲಿ ಅಂಚೆಯವರನ್ನು ಬಿಟ್ಟು ಒಕ್ಕೂಟ ಸರ್ಕಾರದ ನಾಗರಿಕ ನೌಕರರು 20 ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಹೊಸ ಅಧ್ಯಕ್ಷರು ತಮ್ಮ ಇಚ್ಛೆಯಂತೆ ತುಂಬಬಹುದಾದ ರಾಜಕೀಯ ಹುದ್ದೆಗಳು ಸುಮಾರು 4,000 ಮಾತ್ರ. ಉಳಿದವರು ಅಧ್ಯಕ್ಷರು ಬದಲಾದರೂ ಕೆಲಸ ಮುಂದುವರಿಸುವವರು. ಈ ಪ್ರಮಾಣ ಸರಿಯೇ ಎಂಬ ವಿವಾದ ಮತ್ತೆ ತಲೆಯೆತ್ತಿದೆ. ನೀತಿನಿರೂಪಣೆಗೆ ಸಂಬಂಧಿಸಿದ ಹುದ್ದೆಗಳಲ್ಲಿರುವ ಖಾಯಂ ನೌಕರರನ್ನು ಸುಲಭವಾಗಿ ತೆಗೆಯಲು ಅವಕಾಶವಾಗುವಂತೆ 2020ರ ಅಕ್ಟೋಬರಿನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆಜ್ಞೆ ಹೊರಡಿಸಿದರು. 2021ರ ಜನವರಿಯಲ್ಲಿ ಅಧ್ಯಕ್ಷ ಜೋ ಬೈಡನ್ ಅದನ್ನು ರದ್ದುಪಡಿಸಿದರು. 2025ರ ಜನವರಿ 20ರಂದು, ಎರಡನೆಯ ಬಾರಿ ಅಧಿಕಾರ ವಹಿಸಿದ ದಿನವೇ, ಟ್ರಂಪರು ಅದನ್ನು ಮತ್ತೆ ಜಾರಿಗೆ ತರುವ ಆಜ್ಞೆಗೆ ಸಹಿ ಮಾಡಿದರು. ಜನರಿಂದ ಆರಿಸಿ ಬಂದವರ ನೀತಿಗೆ ಆರಿಸಿ ಬಾರದವರು ಅಡ್ಡಬರಬಾರದೆಂದು ಒಂದು ಪಕ್ಷ ಹೇಳುತ್ತದೆ. ಇದು ಸೂರೆಯ ಪದ್ಧತಿ ಹಿಂದಿನ ಬಾಗಿಲಿನಿಂದ ಮರಳುವ ದಾರಿಯೆಂದು ಇನ್ನೊಂದು ಪಕ್ಷ ಹೇಳುತ್ತದೆ. ಮೊದಲನೆಯ ಮಾತಿನಲ್ಲಿ ಜ್ಯಾಕ್‌ಸನ್ನರ ದನಿ, ಎರಡನೆಯದರಲ್ಲಿ ಪೆಂಡಲ್‌ಟನ್ನರ ದನಿ ಕೇಳಿಬರುತ್ತದೆ.

ಈ ಎರಡು ದನಿಗಳಲ್ಲಿ ಯಾವುದೊಂದನ್ನೂ ಪೂರ್ತಿಯಾಗಿ ಅಡಗಿಸುವಂತಿಲ್ಲ. ಅಧಿಕಾರಿ ಯಾರ ಮಾತನ್ನೂ ಕೇಳದವನಾದರೆ ಪ್ರಜೆಯ ಮತ ವ್ಯರ್ಥವಾಗುತ್ತದೆ. ಅವನು ಒಬ್ಬರ ಮಾತನ್ನು ಮಾತ್ರ ಕೇಳುವವನಾದರೆ ಶಾಸನ ವ್ಯರ್ಥವಾಗುತ್ತದೆ. ನ್ಯಾಯಸಮ್ಮತವಾದ ಆಜ್ಞೆಯನ್ನು, ಅದು ತನಗೆ ಒಪ್ಪಿಗೆಯಿಲ್ಲದಿದ್ದರೂ, ನಿಷ್ಠೆಯಿಂದ ನಡೆಸುವುದು ಅಧಿಕಾರಿಯ ಧರ್ಮ. ನ್ಯಾಯಬಾಹಿರವಾದ ಆಜ್ಞೆಯನ್ನು, ಅದು ಎಷ್ಟೇ ಎತ್ತರದಿಂದ ಬಂದರೂ, ವಿನಯದಿಂದ ನಿರಾಕರಿಸುವುದೂ ಅವನ ಧರ್ಮವೇ. ಇವೆರಡರ ನಡುವಣ ಗೆರೆ ಯಾವುದೆಂದು ಅವನಿಗೆ ಕ್ಷಣಕ್ಷಣಕ್ಕೂ ಹೇಳಿಕೊಡುವವರು ಯಾರೂ ಇರುವುದಿಲ್ಲ. ಅವನ ಕೈಯಲ್ಲಿರುವುದು 1789ರ ಆ ಮೊದಲ ಶಾಸನ ಕಲಿಸಿದ ಪ್ರತಿಜ್ಞೆಯೊಂದೇ. ಅಧ್ಯಕ್ಷರೂ ಅಧಿಕಾರ ವಹಿಸುವಾಗ ಅದೇ ಸಂವಿಧಾನದ ಹೆಸರಿನಲ್ಲಿಯೇ ಪ್ರತಿಜ್ಞೆ ಮಾಡುತ್ತಾರೆ. ಆಜ್ಞೆ ಕೊಡುವವರೂ ಆಜ್ಞೆಯನ್ನು ನಡೆಸುವವರೂ ತಲೆಬಾಗಬೇಕಾದದ್ದು ಅದೊಂದಕ್ಕೇ ಎಂಬುದನ್ನು ಮರೆಯದಿದ್ದಾಗ ಅಮೆರಿಕದ ಆಡಳಿತ ನೇರವಾಗಿ ನಡೆದಿದೆ, ಮರೆತಾಗಲೆಲ್ಲ ಎಡವಿದೆ.